ತಿನ್ನುವ ಜ್ವಾಲಾಮುಖಿ ಉಕ್ಕದಿದ್ದಾಗ: ಶಾಲೆ ಮತ್ತು ಶಿಬಿರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಬೇಸಿಗೆ ಶಿಬಿರಗಳಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಪ್ರಾಥಮಿಕ ಶಾಲೆಗಳಲ್ಲಾಗಲಿ ಮಕ್ಕಳಿಗೆ ಜ್ವಾಲಾಮುಖಿಯನ್ನು ತಿನಿಸುಗಳ ಮೂಲಕ ಕಲಿಸಲು ಹೊರಟವರಿಗೆ ಈ ಕೈಪಿಡಿಯನ್ನು ಬರೆಯಲಾಗಿದೆ. ಪ್ರಯೋಗ ಮಾಡುವ ಕ್ರಮವನ್ನು ಇಲ್ಲಿ ಮೊದಲಿನಿಂದ ಹೇಳಿಲ್ಲ; ಮಾಡಿದ್ದು ಸರಿಹೋಗದಿದ್ದಾಗ ಕಾರಣವನ್ನು ಹೇಗೆ ಹುಡುಕಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಹುಳಿ ಮತ್ತು ಅಡುಗೆ ಸೋಡಾದಿಂದ ಉಕ್ಕುವ ಬೆಟ್ಟ, ಜೋನಿಬೆಲ್ಲದ (ಅಚ್ಚು ಕಟ್ಟದ, ಹರಿಯುವ ಬೆಲ್ಲ) ಲಾವಾ ಹರಿವು, ಬೆಲ್ಲದ ಪಾಕದಿಂದ ಮಾಡುವ ಗುಳ್ಳೆಗಲ್ಲು ಮತ್ತು ಗೋಲಿ ಸೋಡಾ, ಈ ನಾಲ್ಕನ್ನು ತೆಗೆದುಕೊಂಡಿದ್ದೇನೆ.

ಉಕ್ಕುವ ಬೆಟ್ಟ ಕೈಕೊಟ್ಟಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಇನ್ನೊಂದು ಚಮಚ ಸೋಡಾ ಸುರಿಯುವುದು. ಇದರಿಂದ ನಿಜವಾದ ಕಾರಣ ಮರೆಯಾಗುತ್ತದೆ, ತಿನಿಸೂ ಕೆಡುತ್ತದೆ. ಏನನ್ನೂ ಸೇರಿಸುವ ಮೊದಲು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು: ಗುಳ್ಳೆ ಹುಟ್ಟಿತೇ? ಹುಟ್ಟಿದ ಗುಳ್ಳೆ ನಿಂತಿತೇ? ನಿಂತ ಬುರುಗು ಬಾಯಿ ದಾಟಿ ಹೊರಗೆ ಬಂತೇ? ಮೊದಲನೆಯದಕ್ಕೆ ಇಲ್ಲವೆಂದಾದರೆ ದೋಷ ಸಾಮಗ್ರಿಯಲ್ಲಿದೆ, ಎರಡನೆಯದಕ್ಕೆ ಇಲ್ಲವೆಂದಾದರೆ ದ್ರವದ ಗುಣದಲ್ಲಿದೆ, ಮೂರನೆಯದಕ್ಕಾದರೆ ಪಾತ್ರೆಯ ಆಕಾರದಲ್ಲಿದೆ. ಮೂರಕ್ಕೂ ಹೌದು ಎಂದು ಉತ್ತರ ಬಂದಮೇಲೂ ಉಳಿಯಬಹುದಾದ ನಾಲ್ಕನೆಯ ದೋಷವೊಂದಿದೆ. ಅದು ಬಟ್ಟಲಿನಲ್ಲಿ ಕಾಣುವುದಿಲ್ಲ, ಮಕ್ಕಳ ಉತ್ತರಗಳಲ್ಲಿ ಕಾಣುತ್ತದೆ. ಅದನ್ನು ಕೊನೆಯ ಭಾಗದಲ್ಲಿ ವಿವರವಾಗಿ ನೋಡೋಣ.

ಗುಳ್ಳೆಯೇ ಹುಟ್ಟದಿದ್ದರೆ

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಹುಳಿ ತಗುಲಿದ ಕೂಡಲೇ ಅದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಸುಮಾರು 5 ಗ್ರಾಂ ತೂಗುವ ಒಂದು ಟೀ ಚಮಚ ಸೋಡಾ ಪೂರ್ತಿಯಾಗಿ ವರ್ತಿಸಿದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಒಂದೂವರೆ ಲೀಟರಿನಷ್ಟು ಅನಿಲ ಹುಟ್ಟಬೇಕು. ಒಂದು ಸ್ಟೀಲ್ ಲೋಟವನ್ನು ಹಲವು ಸಲ ತುಂಬುವಷ್ಟಾಯಿತು ಅದು. ಆದ್ದರಿಂದ ಅರ್ಧ ಚಮಚ ಹಾಕಿಯೂ ಬುರುಗು ಏಳದಿದ್ದರೆ ಸೋಡಾ ಕಡಿಮೆಯಾಯಿತೆಂದು ತಿಳಿಯುವುದಕ್ಕಿಂತ ಹುಳಿ ಸಾಲದಾಯಿತೆಂದು ಅನುಮಾನಿಸುವುದು ಸರಿ. ಲಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ನೂರಕ್ಕೆ ಐದರ ಆಸುಪಾಸಿನಲ್ಲಿರುತ್ತದೆ. ಆ ಲೆಕ್ಕದಲ್ಲಿ ಅರ್ಧ ಚಮಚ ಸೋಡಾಕ್ಕೆ 40 ಮಿಲಿಲೀಟರ್ ರಸ, ಅಂದರೆ ಎರಡು ಒಳ್ಳೆಯ ಲಿಂಬೆಹಣ್ಣು ಬೇಕು. ಅರ್ಧ ಹೋಳು ಹಿಂಡಿ ಒಂದು ಲೋಟ ನೀರು ಬೆರೆಸಿದ ಪಾನಕವನ್ನು ಸುರಿದರೆ ಸೊಯ್ಯೆಂಬ ಸದ್ದು ಬರಬಹುದು, ಬೆಟ್ಟ ಉಕ್ಕುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲಿಂಬೆಗಿಂತ ಅಗ್ಗವಾಗಿ, ಬಣ್ಣದಲ್ಲೂ ಲಾವಾಕ್ಕೆ ಹತ್ತಿರವಾಗಿ ಸಿಗುವುದು ಮುರುಗಲು, ಅಂದರೆ ಕೋಕಂ. ಬೇಸಿಗೆಯ ಕೊನೆಗೆ ಹಣ್ಣಾಗುವ ಇದರ ಸಿಪ್ಪೆಯನ್ನು ಸ್ವಲ್ಪವೇ ನೀರಿನಲ್ಲಿ ನೆನೆಸಿ ಹಿಂಡಿದ ದಪ್ಪ ರಸ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಡಿಯಿಂದ ತಂದ ಕೋಕಂ ಸಿರಪ್ಪಿನಲ್ಲಿ ಸಕ್ಕರೆಯೇ ಹೆಚ್ಚಾದ್ದರಿಂದ ಅದೊಂದನ್ನೇ ನಂಬಿದರೆ ನಿರಾಶೆ ಖಚಿತ. ಮುರುಗಲಿಗೆ ಇನ್ನೊಂದು ಉಪಯುಕ್ತ ಗುಣವಿದೆ. ಅದರ ಕೆಂಪಿಗೆ ಕಾರಣವಾದ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಹುಳಿಯಲ್ಲಿ ಕೆಂಪಾಗಿದ್ದು ಕ್ಷಾರ ಹೆಚ್ಚಾದಾಗ ನೀಲಿ-ಬೂದು ಛಾಯೆಗೆ ತಿರುಗುತ್ತದೆ. ಹಾಗಾಗಿ ಉಕ್ಕು ನಿಂತ ಮೇಲೆ ಬಟ್ಟಲನ್ನು ನೋಡಿದರೆ ಸಾಕು: ಕೆಂಪು ಉಳಿದಿದ್ದರೆ ಹುಳಿ ಮಿಕ್ಕಿದೆ, ಮತ್ತೆ ಉಕ್ಕಿಸಲು ಸೋಡಾ ಹಾಕಬಹುದು, ಬಣ್ಣ ಬೂದುಗಟ್ಟಿದ್ದರೆ ಸೋಡಾ ಮಿಕ್ಕಿದೆ, ಹಾಕಬೇಕಾದದ್ದು ಹುಳಿ. ದೋಷವನ್ನು ತಾನೇ ತೋರಿಸಿಕೊಡುವ ಇಂಥ ಸಾಮಗ್ರಿ ಮನೆಯ ಡಬ್ಬಿಯಲ್ಲಿರುವಾಗ ಕೃತಕ ಬಣ್ಣವನ್ನು ಕೊಂಡು ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ವಿನೆಗರ್ ಬಳಸುವವರು ತಿನ್ನಲು ತಕ್ಕದ್ದೆಂದು ಚೀಟಿ ಇರುವ, ನೂರಕ್ಕೆ ನಾಲ್ಕೈದು ಅಸಿಟಿಕ್ ಆಮ್ಲದ ಬಾಟಲಿಯನ್ನೇ ತರಬೇಕು. ಪ್ರಯೋಗಾಲಯದ ಸಾಂದ್ರ ಆಮ್ಲ ಚರ್ಮವನ್ನು ಸುಡುತ್ತದೆ, ಅದನ್ನು ನೀರು ಬೆರೆಸಿ ಬಳಸುವ ಯೋಚನೆಯೂ ಬೇಡ.

ಸೋಡಾದ ಗುರುತು ಇನ್ನೂ ಮುಖ್ಯ. ಬಿಡಿಯಾಗಿ ‘ಸೋಡಾ ಕೊಡಿ’ ಎಂದು ಕೇಳಿದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕೈಗೆ ಬರುವ ಸಾಧ್ಯತೆ ಇದೆ. ಅದು ಸೋಡಿಯಂ ಕಾರ್ಬೊನೇಟ್. ಬಾಯಿಗೂ ಗಂಟಲಿಗೂ ಹಾನಿಕರ. ಗಮನಿಸಬೇಕಾದ ಅಂಶವೆಂದರೆ ವಾಷಿಂಗ್ ಸೋಡಾ ಕೂಡ ಹುಳಿಯಲ್ಲಿ ಗುಳ್ಳೆ ಬಿಡುತ್ತದೆ. ಆದ್ದರಿಂದ ಗುಳ್ಳೆ ಬಂತೆಂಬುದು ತಿನ್ನಬಹುದಾದ ಸೋಡಾ ಎಂಬುದಕ್ಕೆ ಸಾಕ್ಷಿಯಾಗಲಾರದು. ಮೊಹರು ಒಡೆಯದ, ಹೆಸರು ಬರೆದ ಪೊಟ್ಟಣವೊಂದೇ ಇಲ್ಲಿ ಪರೀಕ್ಷೆ. ಡಬ್ಬಿಯ ಮೇಲೆ ಚೀಟಿ ಇಲ್ಲದಿದ್ದರೆ ಆ ಪುಡಿಯನ್ನು ಮಕ್ಕಳ ಮುಂದೆ ತರಬಾರದು.

ಮಳೆಗಾಲದಲ್ಲಿ ಬರುವ ದೂರು ಬೇರೆ. ಜೂನ್ ಕಳೆಯಿತೆಂದರೆ ಕಾರವಾರದ ಅಡುಗೆಮನೆಯಲ್ಲಿ ಪುಡಿಯೆಲ್ಲ ಗಟ್ಟಿಯಾಗುತ್ತದೆ. ಅಡುಗೆ ಸೋಡಾ ಗಟ್ಟಿಯಾದರೂ ಬೇಗನೆ ಶಕ್ತಿ ಕಳೆದುಕೊಳ್ಳುವುದಿಲ್ಲ, ಪುಡಿಮಾಡಿ ಬಳಸಬಹುದು. ಬೇಕಿಂಗ್ ಪೌಡರ್ ಮತ್ತು ಹೊಟ್ಟೆಯುಬ್ಬರಕ್ಕೆ ಕುಡಿಯುವ ಹಣ್ಣಿನ ಉಪ್ಪಿನ ಪುಡಿಗಳ ಸಂಗತಿ ಹಾಗಲ್ಲ. ಅವುಗಳಲ್ಲಿ ಸೋಡಾ ಮತ್ತು ಆಮ್ಲ ಒಟ್ಟಿಗೇ ಇರುವುದರಿಂದ ತೇವ ತಗುಲಿದರೆ ಡಬ್ಬಿಯೊಳಗೇ ವರ್ತಿಸಿ ಮುಗಿಯುತ್ತವೆ. ಅರ್ಧ ಚಮಚ ಬೇಕಿಂಗ್ ಪೌಡರಿಗೆ ಬಿಸಿನೀರು ಹನಿಸಿದಾಗ ಜೋರಾಗಿ ಗುಳ್ಳೆ ಬರದಿದ್ದರೆ ಅದನ್ನು ಎಸೆಯಬಹುದು.

ಗುಳ್ಳೆ ಹುಟ್ಟಿಯೂ ಉಕ್ಕದಿದ್ದರೆ

ಅನಿಲ ಹುಟ್ಟುವುದು ಒಂದು, ಅದನ್ನು ಹಿಡಿದಿಡುವುದು ಇನ್ನೊಂದು. ಬರಿಯ ವಿನೆಗರಿನಲ್ಲಿ ಗುಳ್ಳೆಗಳು ಮೇಲೆ ಬಂದು ಒಡೆದುಹೋಗುತ್ತವೆ, ಬುರುಗು ಬೆಳೆಯುವುದಿಲ್ಲ. ಬೇರೆ ಕಡೆ ಇದಕ್ಕೆ ಪಾತ್ರೆ ತೊಳೆಯುವ ಸಾಬೂನು ದ್ರವವನ್ನು ಸೇರಿಸುವ ರೂಢಿ ಇದೆ, ತಿನ್ನುವ ಪ್ರಯೋಗದಲ್ಲಿ ಅದಕ್ಕೆ ಜಾಗವಿಲ್ಲ. ಬದಲಿಗೆ ದ್ರವವನ್ನು ಸ್ವಲ್ಪ ದಪ್ಪ ಮಾಡಬೇಕು. ಅನ್ನದ ಗಂಜಿಯ ತಿಳಿ, ತೆಳ್ಳಗಿನ ರಾಗಿ ಅಂಬಲಿ, ಸಕ್ಕರೆ ಪಾಕ, ಇವುಗಳಲ್ಲಿ ಯಾವುದಾದರೂ ಆದೀತು. ನನ್ನ ಆಯ್ಕೆ ಹುಣಸೆಹಣ್ಣಿನ ದಪ್ಪ ರಸ. ಹುಳಿಯೂ ಅದರಲ್ಲೇ, ಗುಳ್ಳೆ ಹಿಡಿಯುವ ಅಂಟೂ ಅದರಲ್ಲೇ, ಹೀಗಾಗಿ ಕಂದು ಬಣ್ಣದ ಬುರುಗು ನಿಧಾನವಾಗಿ ಎದ್ದು ನಿಧಾನವಾಗಿ ಇಳಿಯುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ಮಕ್ಕಳಿಗೂ ನೋಡಲು ಸಮಯ ಸಿಗುತ್ತದೆ.

ಪಾತ್ರೆಯಲ್ಲಿ ಎಣ್ಣೆಯ ಪಸೆ ಇದ್ದರೂ ಬುರುಗು ಬೇಗ ಒಡೆಯುತ್ತದೆ. ಕರಾವಳಿಯ ಅಡುಗೆಮನೆಯ ಲೋಟಗಳಿಗೆ ತೆಂಗಿನೆಣ್ಣೆ ತಾಗಿರುವುದು ಹೊಸ ಸಂಗತಿಯಲ್ಲ, ಬಿಸಿನೀರಿನಲ್ಲಿ ತೊಳೆದು ಒರೆಸಿದರೆ ಆಯಿತು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಹುಳಿಗೆ ಸಲ್ಲವು.

ಆಕಾರದ ದೋಷವನ್ನು ಗುರುತಿಸುವುದು ಸುಲಭ. ಅಗಲ ಬಾಯಿಯ ಬಟ್ಟಲಿನಲ್ಲಿ ಬುರುಗು ಹರಡಿಕೊಳ್ಳುತ್ತದೆಯೇ ಹೊರತು ಏರುವುದಿಲ್ಲ. ಕಿರಿದಾದ, ಎತ್ತರದ ಲೋಟ ಬೇಕು, ಅದರಲ್ಲಿ ದ್ರವ ಅರ್ಧಕ್ಕಿಂತ ಮೇಲಿರಬೇಕು. ಎಲ್ಲವೂ ಒಂದೇ ಉಸಿರಿಗೆ ಉಕ್ಕಿ ಮುಗಿಯುವ ವಿರುದ್ಧ ದೋಷವೂ ಉಂಟು. ಆಗ ಸೋಡಾವನ್ನು ಪುಡಿಯಾಗಿ ಸುರಿಯದೆ ಬೆಲ್ಲದ ಪುಡಿಯೊಂದಿಗೆ ಕಲಸಿ ಸಣ್ಣ ಉಂಡೆ ಮಾಡಿ ಇಳಿಬಿಡಬೇಕು, ಹುಳಿಯನ್ನು ತಣ್ಣಗಿಟ್ಟುಕೊಳ್ಳಬೇಕು. ಯಾವ ಕಾರಣಕ್ಕೂ ಬಾಟಲಿಗೆ ಮುಚ್ಚಳ ಹಾಕಿ ‘ಜೋರು’ ಮಾಡಲು ಹೋಗಬಾರದು.

ಅವಲಕ್ಕಿ-ಬೆಲ್ಲ ಕಲಸಿ ಕಟ್ಟಿದ ಬೆಟ್ಟ ದ್ರವ ಹೀರಿ ಕುಸಿಯುತ್ತದೆ. ಲೋಟವನ್ನೇ ಒಳಗೆ ಹುದುಗಿಸಿ ಅಂಚಿಗೆ ಬಾಡಿಸಿದ ಬಾಳೆಲೆ ಸುತ್ತಿದರೆ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದದ್ದು ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು.

ಬಾಯಿಗಿಡಲಾಗದ ರುಚಿ

ಸೋಡಾ-ಹುಳಿ ವರ್ತಿಸಿದ ಮೇಲೆ ಉಳಿಯುವುದು ಉಪ್ಪಿನ ಜಾತಿಯ ವಸ್ತು. ಸೋಡಾ ಮಿಕ್ಕಿದ್ದರೆ ಸಾಬೂನಿನಂಥ ಚಪ್ಪೆ ಕಹಿ ಬರುತ್ತದೆ, ಅದಕ್ಕೆ ಹುಳಿ ಸೇರಿಸುವುದೇ ಮದ್ದು. ಬಣ್ಣ ಕೆಂಪಾಗಿಯೇ ಇದ್ದು ಉಪ್ಪುಪ್ಪಾಗಿದ್ದರೆ ಸರಿಪಡಿಸುವ ದಾರಿ ಇಲ್ಲ, ಪ್ರಮಾಣವೇ ಹೆಚ್ಚಾಗಿದೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1.3 ಗ್ರಾಮಿಗಿಂತ ಹೆಚ್ಚು ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನವೊಂದಕ್ಕೆ 2 ಗ್ರಾಮಿಗಿಂತ ಕಡಿಮೆ ಇರಲೆಂದು ಹೇಳುತ್ತದೆ. ಆದ್ದರಿಂದ ‘ತಿನ್ನುವ ಜ್ವಾಲಾಮುಖಿ’ ಎಂಬ ಮಾತಿಗೆ ಮಿತಿ ಹಾಕಿಕೊಳ್ಳುವುದು ಅಗತ್ಯ: ಬೆಟ್ಟವನ್ನು ತಿನ್ನಬಹುದು, ಹೊರಚೆಲ್ಲಿದ ಬುರುಗನ್ನು ಬೆರಳಲ್ಲಿ ನೆಕ್ಕಬಹುದು, ಲೋಟದಲ್ಲಿ ಉಳಿದದ್ದನ್ನು ಕುಡಿಯಲು ಕೊಡಬಾರದು. ಪ್ರತಿ ಮಗುವಿಗೂ ಬೇರೆಯಾಗಿ ಕುಡಿಯಲು ಕೊಡಬೇಕೆಂದಿದ್ದರೆ ಸಿಹಿಯಾದ ಕೋಕಂ ಶರಬತ್ತಿಗೆ ಚಿಟಿಕೆ ಸೋಡಾ ಹಾಕಿ ನೊರೆ ಎಬ್ಬಿಸಿದರೆ ಸಾಕು.

ಲಾವಾ ಹರಿವಿನಲ್ಲಿ ವ್ಯತ್ಯಾಸ ಕಾಣದಿದ್ದರೆ

ಎಲ್ಲ ಲಾವಾವೂ ಒಂದೇ ರೀತಿ ಹರಿಯುವುದಿಲ್ಲ ಎಂಬುದನ್ನು ತೋರಿಸಲು ಓರೆ ಮಾಡಿದ ತಟ್ಟೆಯ ಮೇಲೆ ಸಕ್ಕರೆ ನೀರು, ಜೋನಿಬೆಲ್ಲ ಮತ್ತು ಹಾಲುಬಾಯಿ ಎಂಬ ಸಿಹಿತಿನಿಸಿನ ಅರೆಬೆಂದ ಹಿಟ್ಟನ್ನು ಒಂದೊಂದು ಚಮಚ ಬಿಟ್ಟು ಹೋಲಿಸಲಾಗುತ್ತದೆ. ಸಿಲಿಕಾ (ಮರಳಿನಲ್ಲಿರುವ ಮುಖ್ಯ ವಸ್ತು) ನೂರಕ್ಕೆ ಐವತ್ತರ ಆಸುಪಾಸಿನಲ್ಲಿರುವ ಬಸಾಲ್ಟ್ ಲಾವಾ 1100 ರಿಂದ 1200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೆಳ್ಳಗಾಗಿ ದೂರ ಹರಿಯುತ್ತದೆ. ಸಿಲಿಕಾ ಎಪ್ಪತ್ತರಷ್ಟಿರುವ ರಯೋಲೈಟ್ ಲಾವಾ ಅಷ್ಟು ಬಿಸಿಯೂ ಇರುವುದಿಲ್ಲ, ಹರಿಯುವುದೂ ಇಲ್ಲ, ಬಾಯಿಯಲ್ಲೇ ಗುಡ್ಡೆಯಾಗುತ್ತದೆ. ಹವಾಯಿಯ ಕಿಲಾವೆಯ ಜ್ವಾಲಾಮುಖಿ ಮೊದಲನೆಯದಕ್ಕೆ ಉದಾಹರಣೆ. ದಪ್ಪ ಶಿಲಾಪಾಕದಿಂದ (ನೆಲದೊಳಗಿನ ಕರಗಿದ ಶಿಲೆ) ಅನಿಲ ಸುಲಭವಾಗಿ ಬಿಡಿಸಿಕೊಳ್ಳಲಾರದು. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್, 1991ರ ಜೂನಿನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಅಷ್ಟು ಭೀಕರವಾಗಿ ಸಿಡಿಯುವುದಕ್ಕೆ ಇದು ಮುಖ್ಯ ಕಾರಣ.

ಈ ಪ್ರಯೋಗವನ್ನು ಕೆಡಿಸುವುದು ಹೆಚ್ಚಾಗಿ ಹವೆ. ಮೇ ತಿಂಗಳ ಮಧ್ಯಾಹ್ನ ಕಾರವಾರದಲ್ಲಿ ಜೋನಿಬೆಲ್ಲ ಸಕ್ಕರೆ ನೀರಿನ ಹಿಂದೆಯೇ ಓಡುತ್ತದೆ. ಅದೇ ಡಬ್ಬಿ 600 ಮೀಟರ್ ಎತ್ತರದ ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಚಮಚದಿಂದ ಬೀಳಲೂ ಒಲ್ಲೆನ್ನುತ್ತದೆ. ಆದ್ದರಿಂದ ಕರಾವಳಿಯವರು ಡಬ್ಬಿಯನ್ನು ಮೊದಲೇ ತಣ್ಣೀರಿನಲ್ಲಿಡಬೇಕು, ಘಟ್ಟದ ಮೇಲಿನವರು ಬಿಸಿನೀರಿನಲ್ಲಿಡಬೇಕು. ಇನ್ನೂ ಒಳ್ಳೆಯದೆಂದರೆ ಒಂದು ಬಟ್ಟಲನ್ನು ತಣ್ಣಗೆ, ಒಂದನ್ನು ಬೆಚ್ಚಗೆ ಇಟ್ಟು, ಒಂದೇ ಬೆಲ್ಲ ಉಷ್ಣತೆ ಬದಲಾದ ಮಾತ್ರಕ್ಕೆ ಹೇಗೆ ಬೇರೆಯಾಗಿ ಹರಿಯಿತೆಂಬುದನ್ನೇ ಪಾಠವಾಗಿ ತೆಗೆದುಕೊಳ್ಳುವುದು.

ತಳದಲ್ಲಿ ಹರಳುಗಟ್ಟಿದ ಹಳೆಯ ಜೋನಿಬೆಲ್ಲ ತಡೆದು ತಡೆದು ಹರಿಯುತ್ತದೆ. ಅದನ್ನು ಸೋಸಿ ಬಳಸಬಹುದು, ಸೋಸದೆ ಮಕ್ಕಳಿಗೆ ತೋರಿಸಲೂಬಹುದು, ಏಕೆಂದರೆ ಹರಳು ತುಂಬಿಕೊಂಡ ನಿಜವಾದ ಶಿಲಾಪಾಕವೂ ಹಾಗೆಯೇ ದಪ್ಪವಾಗುತ್ತದೆ. ಬಾಳೆಲೆಯ ಮೇಲೆ ಹರಿಸಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಎಲೆಯ ಮೇಣದ ಪದರ ಮತ್ತು ನರಗಳು ದ್ರವವನ್ನು ತಮಗೆ ಬೇಕಾದತ್ತ ಎಳೆಯುತ್ತವೆ. ನೋಡಲು ಚೆಂದವೆಂಬ ಕಾರಣಕ್ಕೆ ಎಲೆ ಬಳಸುವವರಿದ್ದಾರೆ, ಅಳತೆ ಮಾಡುವುದಿದ್ದರೆ ಸ್ಟೀಲ್ ತಟ್ಟೆಯೇ ಬೇಕು.

ಲಾವಾ ಹೆಪ್ಪುಗಟ್ಟುವುದನ್ನು ತೋರಿಸಲು ಬೆಲ್ಲದ ಪುಡಿ ಬೆರೆಸಿದ ತೆಂಗಿನೆಣ್ಣೆ ಚೆನ್ನಾಗಿ ಒದಗುತ್ತದೆ. ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಶಿರಸಿಯ ಚಳಿಗಾಲದಲ್ಲಿ ತಾನಾಗಿಯೇ ಗಟ್ಟಿಯಾಗುವ ಈ ಎಣ್ಣೆ ಕರಾವಳಿಯ ಬೇಸಿಗೆಯಲ್ಲಿ ಎಷ್ಟು ಹೊತ್ತು ಕಾದರೂ ಹರಿಯುತ್ತಲೇ ಇರುವುದು ಪ್ರಯೋಗದ ದೋಷವಲ್ಲ. ತಟ್ಟೆಯ ಅಡಿಯಲ್ಲಿ ಮಂಜುಗಡ್ಡೆ ಇಟ್ಟರೆ ಸರಿಹೋಗುತ್ತದೆ. ಬಂದರಿನಲ್ಲಿ ಮೀನಿಗೆಂದು ಸಿಗುವ ಐಸನ್ನು ತಟ್ಟೆಯ ಕೆಳಗಷ್ಟೇ ಇಡಬೇಕು, ತಿನಿಸಿಗೆ ತಾಗಿಸಬಾರದು.

ಗುಳ್ಳೆಗಲ್ಲು ಉಬ್ಬದಿದ್ದರೆ

ಗಟ್ಟಿ ಪಾಕಕ್ಕೆ ಸೋಡಾ ಹಾಕಿ ಉಬ್ಬಿಸಿ ಆರಿಸಿದ ಬೆಲ್ಲದ ಗಡ್ಡೆ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲಿನ ಒಳ್ಳೆಯ ಮಾದರಿ. ಎರಡರಲ್ಲೂ ಗುಳ್ಳೆಗಳು ಹೊರಹೋಗುವ ಮೊದಲೇ ಸುತ್ತಲಿನ ದ್ರವ ಗಟ್ಟಿಯಾಗಿರುತ್ತದೆ. ಪಾಕ 150 ಡಿಗ್ರಿಯ ಹತ್ತಿರಕ್ಕೆ ಬರುವುದರಿಂದ ಒಲೆಯ ಕೆಲಸ ಸಂಪೂರ್ಣವಾಗಿ ದೊಡ್ಡವರದು, ಮಕ್ಕಳು ದೂರ ನಿಂತು ನೋಡಬೇಕು. ಉಬ್ಬದಿದ್ದರೆ ಪಾಕ ಬಂದಿಲ್ಲವೆಂದು ತಿಳಿಯಬೇಕು. ತಣ್ಣೀರಿಗೆ ಬಿಟ್ಟ ಹನಿ ಬೆರಳಿಗೆ ಮೆತ್ತಗಾಗದೆ ಚಟಕ್ಕನೆ ಮುರಿಯುವವರೆಗೆ ಕಾಯಿಸಬೇಕು. ಉಬ್ಬಿ ಕುಸಿದರೆ ಸೋಡಾ ಹಾಕಿದ ಮೇಲೆ ಹೆಚ್ಚು ಕಲಕಿರುವುದು ಕಾರಣ. ಬೆಲ್ಲ ಸಕ್ಕರೆಗಿಂತ ಬೇಗ ಸೀಯುತ್ತದೆ, ಅರ್ಧದಷ್ಟು ಸಕ್ಕರೆ ಬೆರೆಸಿದರೆ ಈ ಕಷ್ಟ ಕಡಿಮೆ. ಮಳೆಗಾಲದಲ್ಲಿ ಇದನ್ನು ಮಾಡದಿರುವುದೇ ವಾಸಿ. ಗಾಳಿಯ ತೇವ ಹೀರಿ ಸಂಜೆಯೊಳಗೆ ಅಂಟಾಗುತ್ತದೆ.

ಪ್ರಯೋಗ ಗೆದ್ದು ಪಾಠ ಸೋತರೆ

ಈಗ ನಾಲ್ಕನೆಯ ದೋಷ. ಇದನ್ನು ಕಂಡುಹಿಡಿಯಲು ಪ್ರಯೋಗಕ್ಕೆ ಮೊದಲು ಒಂದು, ಮುಗಿದು ಕೆಲವು ದಿನಗಳ ಬಳಿಕ ಒಂದು, ಹೀಗೆ ಜ್ವಾಲಾಮುಖಿಯ ಒಳಭಾಗದ ಚಿತ್ರವನ್ನು ಮಕ್ಕಳಿಂದ ಬರೆಯಿಸಿ ಹೋಲಿಸಬೇಕು. ಎರಡನೆಯ ಚಿತ್ರದಲ್ಲಿ ಬೆಟ್ಟದೊಳಗೆ ‘ಸೋಡಾ’ ಎಂದು ಬರೆದಿದ್ದರೆ, ಅಥವಾ ಯಾವುದಾದರೊಂದು ಮಗು ‘ಅಕ್ಕೋರೇ, ಭೂಮಿಯೊಳಗೆ ಹುಳಿ ಯಾರು ಹಾಕ್ತಾರೆ?’ ಎಂದು ಕೇಳಿದರೆ, ಪ್ರಯೋಗ ಚೆನ್ನಾಗಿ ಉಕ್ಕಿದ್ದರಿಂದಲೇ ಪಾಠ ತಪ್ಪಿದೆ ಎಂದರ್ಥ. ಕೇಳಿದ ಮಗುವಿನದು ತಪ್ಪಲ್ಲ. ನಾವು ತೋರಿಸಿದ್ದನ್ನೇ ಅದು ನಂಬಿದೆ. ಜ್ವಾಲಾಮುಖಿಯಲ್ಲಿ ಹುಳಿಯೂ ಸೋಡಾವೂ ಕೂಡುವುದಿಲ್ಲ, ಏನೂ ಹೊತ್ತಿ ಉರಿಯುವುದೂ ಇಲ್ಲ. ಆಳದ ಒತ್ತಡದಲ್ಲಿ ಶಿಲಾಪಾಕದೊಳಗೆ ಕರಗಿದ್ದ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಮೊದಲಾದ ಅನಿಲಗಳು, ಶಿಲಾಪಾಕ ಮೇಲೇರಿ ಒತ್ತಡ ಇಳಿಯುತ್ತಿದ್ದಂತೆ ಗುಳ್ಳೆಗಳಾಗಿ ಬಿಡಿಸಿಕೊಂಡು ಅದನ್ನು ಹೊರದೂಡುತ್ತವೆ.

ಇದಕ್ಕೆ ಪರಿಹಾರ ಗೋಲಿ ಸೋಡಾ. ಮುಚ್ಚಿದ ಬಾಟಲಿಯನ್ನು ಮಕ್ಕಳಿಗೆ ತೋರಿಸಿ ಗುಳ್ಳೆ ಕಾಣುತ್ತದೆಯೇ ಎಂದು ಕೇಳಬೇಕು. ಕಾಣುವುದಿಲ್ಲ. ಗೋಲಿಯನ್ನು ಒತ್ತಿದ ಕ್ಷಣ ದ್ರವದ ಎಲ್ಲ ಕಡೆಯಿಂದ ಗುಳ್ಳೆಗಳೇಳುತ್ತವೆ, ಯಾರೂ ಅದಕ್ಕೆ ಏನನ್ನೂ ಸೇರಿಸಿರುವುದಿಲ್ಲ, ಇಳಿದದ್ದು ಒತ್ತಡ ಮಾತ್ರ. ಒಂದೇ ಪ್ರಯೋಗಕ್ಕೆ ಸಮಯವಿದ್ದರೆ ಉಕ್ಕುವ ಬೆಟ್ಟವನ್ನು ಬಿಟ್ಟು ಇದನ್ನೇ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಗುಳ್ಳೆ ಮಂದವಾಗಿದ್ದರೆ ಬಾಟಲಿ ಹಳೆಯದಾಗಿದೆ ಅಥವಾ ಬಹಳ ತಣ್ಣಗಿದೆ. ತಣ್ಣನೆಯ ನೀರು ಅನಿಲವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲೂ ಒಂದು ತೊಡಕು ಎದುರಾಗುತ್ತದೆ. ಲಿಂಬೆ ಸೋಡಾಕ್ಕೆ ಉಪ್ಪು ಹಾಕಿದೊಡನೆ ಉಕ್ಕುವುದನ್ನು ಅಂಗಡಿಯಲ್ಲಿ ನೋಡಿರುವ ಮಕ್ಕಳು ಉಪ್ಪು ಸೋಡಾದೊಂದಿಗೆ ವರ್ತಿಸಿತೆಂದು ವಾದಿಸುತ್ತಾರೆ. ಮೂರು ಲೋಟ ಸೋಡಾ ಇಟ್ಟು ಒಂದಕ್ಕೆ ಉಪ್ಪಿನ ಪುಡಿ, ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಸ್ವಲ್ಪ ನೀರಿನಲ್ಲಿ ಮೊದಲೇ ಕರಗಿಸಿದ ಅಷ್ಟೇ ಉಪ್ಪು ಹಾಕಬೇಕು. ಮೊದಲೆರಡು ಉಕ್ಕುತ್ತವೆ, ಮೂರನೆಯದರಲ್ಲಿ ಅಂಥ ಆರ್ಭಟ ಕಾಣುವುದಿಲ್ಲ. ಗುಳ್ಳೆ ಹುಟ್ಟಲು ನೆಲೆ ಕೊಟ್ಟದ್ದು ಹರಳಿನ ಒರಟು ಮೈ, ಉಪ್ಪೆಂಬ ವಸ್ತುವಲ್ಲ, ಎಂಬುದು ಮಕ್ಕಳಿಗೇ ತಿಳಿಯುತ್ತದೆ.

ಗುಳ್ಳೆಗಲ್ಲಿನ ಪ್ರಯೋಗ ನಮ್ಮ ಜಿಲ್ಲೆಯಲ್ಲಿ ಹುಟ್ಟಿಸುವ ತಪ್ಪು ತಿಳಿವಳಿಕೆ ಇನ್ನೊಂದು. ಬೆಲ್ಲದ ಗಡ್ಡೆಯ ತೂತುಗಳನ್ನು ನೋಡಿದ ಮಗು ಶಾಲೆಯ ಕಾಂಪೌಂಡಿನ ಚಿರೆಕಲ್ಲಿನತ್ತ ಬೆರಳು ತೋರಿಸಿ ಅದೂ ಜ್ವಾಲಾಮುಖಿಯ ಕಲ್ಲೆನ್ನುವುದು ಸಹಜ. ಚಿರೆಕಲ್ಲಿನ ತೂತುಗಳು ಅನಿಲದಿಂದಾದವಲ್ಲ. ಬಿಸಿಲು-ಮಳೆಗಳಲ್ಲಿ ಶಿಲೆ ಶಿಥಿಲವಾಗಿ, ಕರಗುವ ಅಂಶಗಳು ನೀರಿನೊಡನೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದು ಉಂಟಾದವು. ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿಸಿದರೆ ಮುಳುಗುತ್ತದೆ. ಪ್ಯೂಮಿಸ್ ಆಗಿದ್ದರೆ ತೇಲುತ್ತಿತ್ತು. ಕುಮಟಾ ತಾಲೂಕಿನ ಯಾಣಕ್ಕೆ ಹೋಗಿಬಂದ ಮಕ್ಕಳು ಅಲ್ಲಿನ ಕಪ್ಪು ಶಿಖರಗಳ ಬಗ್ಗೆಯೂ ಇದನ್ನೇ ಕೇಳುತ್ತಾರೆ. ಬಣ್ಣ ಕಪ್ಪು ಎಂಬುದೊಂದೇ ಲಾವಾದ ಗುರುತಾಗದು. ಯಾಣದ ಬಂಡೆ ಸುಣ್ಣಕಲ್ಲಿನ ಜಾತಿಯದು, ಅದರ ಚೂಪಾದ ರೂಪ ಸವೆತದಿಂದ ಬಂದದ್ದು.

ಹಾಗಾದರೆ ನಿಜವಾದದ್ದು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಭಾರತದಲ್ಲಿ ಈಗಲೂ ಜೀವಂತವಾಗಿರುವ ಒಂದೇ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ನೂರೈವತ್ತಕ್ಕೂ ಹೆಚ್ಚು ವರ್ಷ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಉಗುಳಿತು. ಎಲ್ಲ ಜ್ವಾಲಾಮುಖಿಯೂ ಶಂಕುವಿನಾಕಾರದ ಬೆಟ್ಟವೆಂದು ಚಿತ್ರ ಬರೆಯುವ ಮಕ್ಕಳಿಗೆ ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟನ್ನು ಹೇಳಬೇಕು, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ದಖನ್ ಲಾವಾ ಬಹುಪಾಲು ನೆಲದ ಬಿರುಕುಗಳಿಂದ ಹೊರಬಂದು ಪದರ ಪದರವಾಗಿ ಹರಡಿದ್ದು. ಮುಟ್ಟಿ ನೋಡುವ ಆಸೆಯಿದ್ದರೆ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪ ನಮಗೆ ಹತ್ತಿರ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ, ಸಿಲಿಕಾ ಹೆಚ್ಚಿರುವ ಲಾವಾ ಅಲ್ಲಿ ಆರುವಾಗ ಬಿರಿದು ಪಟ್ಟಿ ಪಟ್ಟಿ ಕಂಬಗಳಾಗಿ ನಿಂತಿದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲವಾದ್ದರಿಂದ ಶಾಲಾ ಪ್ರವಾಸವನ್ನು ಡಿಸೆಂಬರ್ ಅಥವಾ ಜನವರಿಗೆ ಇಟ್ಟುಕೊಳ್ಳಬೇಕು, ಕಂಬಗಳ ಚೂರನ್ನು ಒಡೆದು ತರುವಂತಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.